ಎಲ್ಲರೂ ನಾಚಿಕೆ ಎಂದರು, ಗೌರಮ್ಮನವರು ನಂಬಲಿಲ್ಲ

ಎಪ್ಪತ್ತೊಂದನೇ ಇಸವಿಯ ಮಾತು. ಕಂಪ್ಲಿಯ ನಮ್ಮ ಹೊಲದಲ್ಲಿ ಕಬ್ಬು ಕಡಿದು ಗಾಣ ಹೂಡಿದ್ದರು. ಕಾಲುವೆ ನೀರು ಬಂದ ಮೇಲೆ ನಮ್ಮಪ್ಪನ ಕೈ ಸ್ವಲ್ಪ ಸಡಿಲವಾಗಿತ್ತು. ಮನೆಗೆ ಸುಣ್ಣ ಬಣ್ಣ ಆಗಿತ್ತು, ಪಡಸಾಲೆಯಲ್ಲಿ ಒಂದು ರೇಡಿಯೋ ಬಂದು ಕೂತಿತ್ತು, ಇನ್ನು ಉಳಿದದ್ದು ನನ್ನ ಮದುವೆ ಒಂದೇ. ನನಗಾಗ ಹತ್ತೊಂಬತ್ತು ವರ್ಷ. ಮೊದಲೇ ಹೇಳಿಬಿಡುತ್ತೇನೆ, ನಾನು ನಾಚಿಕೆಯ ಹುಡುಗಿ ಆಗಿರಲಿಲ್ಲ. ಬೆಲ್ಲ ಕೊಳ್ಳಲು ಬಂದ ವ್ಯಾಪಾರಿಗಳ ಜೊತೆ ಅಪ್ಪನಿಗಿಂತ ಮುಂಚೆ ನಾನೇ ಮಾತಿಗಿಳಿಯುತ್ತಿದ್ದೆ. "ಇಕಿ ಬಾಯಿ ಕೇಳಿದ್ರ ಬಂದ ಬೀಗರು ಬಂದ ದಾರಿ ಹಿಡಿತಾರ" ಎಂದು ಅವ್ವ ದಿನಾ ಗೊಣಗುತ್ತಿದ್ದಳು.

ಅಂಥ ಹೊತ್ತಿನಲ್ಲಿ ನನ್ನ ಎಡಗಣ್ಣು ಕೆಂಪಾಯಿತು. ಆ ವರ್ಷ ಊರಲ್ಲೆಲ್ಲ ಕಣ್ಣು ಬೇನೆ ಹರಡಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವ ನೆತ್ತಿಗೆ ಹರಳೆಣ್ಣೆ ಒತ್ತಿದಳು, ಪಕ್ಕದ ಮನೆಯ ಬಾಣಂತಿಯ ಎದೆಹಾಲು ತಂದು ಹಾಕಿದಳು. ಔಷಧಿ ಅಂಗಡಿಯವನು ಒಂದು ಮುಲಾಮು ಕೊಟ್ಟ. ಊರಿನವರ ಕಣ್ಣೆಲ್ಲ ಬೇಗ ನೆಟ್ಟಗಾದವು, ನನ್ನದು ಮಾತ್ರ ಹೆಚ್ಚುತ್ತಲೇ ಹೋಯಿತು. ಒಳಗಿನಿಂದ ಯಾರೋ ಹಿಂಡಿದ ಹಾಗೆ ನೋವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬೆಳಕು. ಅಂಗಳಕ್ಕೆ ಕಾಲಿಟ್ಟರೆ ಸಾಕು, ಕಣ್ಣು ತಾನಾಗಿ ಮುಚ್ಚಿಕೊಂಡು ನೀರು ಸುರಿಯುತ್ತಿತ್ತು. ಆ ಕಣ್ಣಿಗೆ ಎದುರಿಗಿನದೆಲ್ಲ ಮಂಜು ಮಂಜು. ನಾನು ಬೆಲ್ಲ ಇಡುವ ಕತ್ತಲೆ ಕೋಣೆಯಲ್ಲೇ ಹೆಚ್ಚು ಹೊತ್ತು ಕೂರತೊಡಗಿದೆ.

ಹೊಸಪೇಟೆ ಕಡೆಯ ಒಂದು ಒಕ್ಕಲು ಮನೆತನದವರು ನನ್ನನ್ನು ನೋಡಲು ಬರುವುದು ಆಗಲೇ ಗೊತ್ತಾಗಿತ್ತು. ಬಾಳೆ ತೋಟ, ಗದ್ದೆ ಇದ್ದ ಅನುಕೂಲಸ್ಥರು. ದಿನ ಮುಂದೆ ಹಾಕೋಣ ಅಂದರೆ ಅಪ್ಪ ಒಪ್ಪಲಿಲ್ಲ, ಮುಂದೆ ಹಾಕಿದ ಸಂಬಂಧ ತಿರುಗಿ ಬರುವುದಿಲ್ಲ ಎಂದು ಅವನ ಭಯ. ಆ ದಿನ ಬೆಳಿಗ್ಗೆ ಅವ್ವ ಸೀರೆ ಉಡಿಸುತ್ತಾ ಹೇಳಿದಳು. "ತಲಿ ತಗ್ಗಿಸಿ ಕುಂದ್ರು. ಎತ್ತಬ್ಯಾಡ. ಕಣ್ಣು ಕೆಂಪಗಾಗಿದ್ದು ಯಾರಿಗೂ ಕಾಣೂದಿಲ್ಲ." ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಅವತ್ತು ಅವಳು ಹೇಳದೇ ಇದ್ದರೂ ನಾನು ತಲೆ ಎತ್ತುವ ಸ್ಥಿತಿಯಲ್ಲಿ ಇರಲಿಲ್ಲ.

ನಮ್ಮ ಪಡಸಾಲೆ ಪೂರ್ವಕ್ಕೆ. ಒಳ್ಳೆಯ ಗಳಿಗೆ ಅಂತ ನೋಡಿದ್ದು ಬಿಸಿಲು ನೇರ ಒಳಗೆ ಬೀಳುವ ಹೊತ್ತು. ಚಾಪೆಯ ಮೇಲೆ ಕೂತವಳು ಕುತ್ತಿಗೆ ಬಗ್ಗಿಸಿದ್ದೇ ಬಗ್ಗಿಸಿದ್ದು. ಹೆಸರೇನು ಎಂದರು, ನೆಲಕ್ಕೆ ಹೇಳಿದೆ. ಎಲ್ಲಿಯವರೆಗೆ ಓದಿದ್ದೀ ಎಂದರು, ಅದನ್ನೂ ನೆಲಕ್ಕೇ ಹೇಳಿದೆ. ಹುಡುಗನ ತಂದೆ, "ಸ್ವಲ್ಪ ಮಾರಿ ಎತ್ತವ್ವಾ, ಹುಡುಗ ನೋಡ್ಲಿ" ಎಂದರು. ಎತ್ತಲು ಹೋದೆ. ಬಿಸಿಲು ಕಣ್ಣಿಗೆ ಚುಚ್ಚಿತು, ನೀರು ಬಳಬಳನೆ ಇಳಿಯಿತು, ತಲೆ ಮತ್ತೆ ಬಿತ್ತು.  

ಅದನ್ನು ಕಂಡು ಹುಡುಗನ ತಂದೆ ದೊಡ್ಡದಾಗಿ ನಕ್ಕರು. "ಏನ್ ನಾಚಿಕಿ, ಏನ್ ನಾಚಿಕಿ! ನೋಡ್ರಿ, ನಾಚಿ ಅಳಾಕ ಹತ್ತ್ಯಾಳ. ಈಗಿನ ಕಾಲದಾಗ ಇಂಥ ಹುಡುಗಿ ಎಲ್ಲಿ ಸಿಗ್ತಾಳ?" ಎಂದರು. ಜೊತೆಗೆ ಬಂದವರೆಲ್ಲ ಹೌದು ಹೌದು ಎಂದರು. ನಮ್ಮಪ್ಪ ನನ್ನನ್ನು ಹುಟ್ಟಿದಾಗಿನಿಂದ ಬಲ್ಲವನು, ಆದರೂ "ನಮ್ಮ ಮನಿತನದ ರೀತಿನ ಹಂಗರಿ" ಎಂದುಬಿಟ್ಟ. ಅಷ್ಟು ನೋವಿನಲ್ಲೂ ನನಗೆ ನಗು ಬಂತು. ಭುಜ ಅಲ್ಲಾಡಿದ್ದನ್ನು ಕಂಡು ಅವರು, ನಾನಿನ್ನೂ ಅಳುತ್ತಿದ್ದೇನೆ ಅಂದುಕೊಂಡು ಮತ್ತಷ್ಟು ಹೊಗಳಿದರು.

ಹುಡುಗನ ತಾಯಿಯ ಹೆಸರು ಗೌರಮ್ಮ. ಅವರು, ಗಂಡಸರು ಎಲೆ ಅಡಿಕೆಗೆ ಕೈ ಹಾಕಿದಾಗ, ಹುಡುಗಿಯನ್ನು ಒಳಗೆ ಮಾತಾಡಿಸುತ್ತೇನೆ ಎಂದು ಎದ್ದರು. ಅದು ಎಲ್ಲ ಕಡೆ ಇರುವ ಪದ್ಧತಿಯೇ. ಜಡೆ ಅಸಲಿಯೋ ಚೌರಿಯೋ, ನಡಿಗೆ ನೆಟ್ಟಗಿದೆಯೋ ಇಲ್ಲವೋ ಎಂದು ಹೆಂಗಸರು ಒಳಗೆ ನೋಡಿಕೊಳ್ಳುತ್ತಾರೆ. ಅವ್ವ ಜಾಣತನ ಮಾಡಿ ಅವರನ್ನು ಬೆಲ್ಲದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಕಿಟಕಿ ಮುಚ್ಚಿತ್ತು, ಕತ್ತಲೆಯಲ್ಲಿ ಕಣ್ಣಿನ ಕೆಂಪು ಯಾರಿಗೆ ಕಾಣುತ್ತದೆ ಎಂಬುದು ಅವಳ ಲೆಕ್ಕ.

ಆ ತಂಪು ಕತ್ತಲೆಗೆ ಹೋದೊಡನೆ ನನಗೆ ಜೀವ ಬಂದ ಹಾಗಾಯಿತು. ನನಗೇ ತಿಳಿಯದ ಹಾಗೆ ತಲೆ ಎತ್ತಿ, ಎದುರಿಗಿದ್ದವರನ್ನು ನೇರವಾಗಿ ನೋಡಿದೆ. ಕತ್ತಲೆಗೆ ಹೊಂದಿಕೊಂಡಿದ್ದ ಬಲಗಣ್ಣಿಗೆ ಮೊದಲು ಕಂಡದ್ದು ಅವರ ಎಡಗಣ್ಣು. ಪಾಪೆ ಪೂರ್ತಿ ಬೆಳ್ಳಗಾಗಿತ್ತು. ಅದಕ್ಕೇ ಹೊರಗೆ ಆ ಕಡೆಗೆ ಸೆರಗು ಎಳೆದುಕೊಂಡು ಕೂತಿದ್ದರಂತೆ.

ಅವರು ನನ್ನ ಜಡೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಹೇಳಿದರು. "ಹೊರಗ ತಲಿ ಎತ್ತಲಿಲ್ಲ. ಇಲ್ಲಿ ಕತ್ತಲದಾಗ ಹುಲಿಯಂಗ ನೋಡಾಕತ್ತಿ. ನಾಚಿಕಿ ಇದ್ದಾಕಿಗೆ ಕತ್ತಲದಾಗೂ ನಾಚಿಕಿ ಇರ್ತೈತಿ ಯವ್ವಾ. ನಿನಗಿರೂದು ನಾಚಿಕಿ ಅಲ್ಲ."

ಅವ್ವ ನಡುವೆ ಬಾಯಿ ಹಾಕಿದಳು. "ಏನಿಲ್ರಿ ಅಕ್ಕಾರ, ಊರಾಗ ಎಲ್ಲಾರಿಗೂ ಕಣ್ಣು ಬ್ಯಾನಿ ಬಂದೈತಿ, ಹಂಗ ಇಕಿಗೂ ಒಂದೀಟು ಬಂದೈತಿ."

ಗೌರಮ್ಮನವರು ಅವಳ ಕಡೆ ತಿರುಗಲಿಲ್ಲ. ನನ್ನನ್ನೇ ಕೇಳಿದರು. "ಮುಂಜಾನಿ ಏಳೂದ್ರಾಗ ರೆಪ್ಪಿ ಅಂಟ್ಕೊಂಡಿರ್ತಾವೇನು? ಕೀವು ಬರ್ತೈತೇನು?" ಇಲ್ಲ ಎಂದೆ. "ಇನ್ನೊಂದು ಕಣ್ಣಿಗೆ ಬಂದೈತೇನು?" ಇಲ್ಲ. "ಬೆಳಕು ಕಂಡ್ರ?" ನಾನು ಉತ್ತರ ಕೊಡುವ ಮೊದಲೇ ಅವರು ಕೈ ಚಾಚಿ ಕಿಟಕಿಯ ಕದ ಒಂದು ಬೆರಳಿನಷ್ಟು ತೆರೆದರು. ನಾನು ಮುಖ ಮುಚ್ಚಿಕೊಂಡು ಕೂತುಬಿಟ್ಟೆ. ಅವರು ತಟ್ಟನೆ ಕದ ಮುಚ್ಚಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ತಂಗಿ, ಇದು ಕಣ್ಣು ಬ್ಯಾನಿ ಅಲ್ಲ" ಎಂದು ಅವ್ವನಿಗೆ ಹೇಳಿದರು. "ನನಗೂ ಹಿಂಗ ಬಂದಿತ್ತು. ಈಗ ಜಲ್ದಿ ತೋರಿಸಲಿಲ್ಲ ಅಂದ್ರ ಹಿಂಗ ಆಗ್ತೈತಿ" ಎಂದು ಸೆರಗು ಪೂರ್ತಿ ಸರಿಸಿ ತಮ್ಮ ಬಿಳಿ ಕಣ್ಣನ್ನು ತೋರಿಸಿದರು.

ಅವ್ವ ಅಲ್ಲೇ ಬೆಲ್ಲದ ಪೆಂಟೆಗಳ ನಡುವೆ ಕುಸಿದು ಅವರ ಕಾಲು ಹಿಡಿದಳು. "ಹೊರಗ ಹೇಳಬ್ಯಾಡ್ರಿ ಅಕ್ಕಾರ. ಕಣ್ಣಿಗೆ ರೋಗ ಐತಿ ಅಂತ ಒಮ್ಮೆ ಬಾಯಿಗೆ ಬಂತು ಅಂದ್ರ ಇಕಿನ್ನ ಯಾರೂ ಮಾಡ್ಕೊಳ್ಳೂದಿಲ್ಲ. ಮಾತು ಮುಗೀಲಿ, ಆಮ್ಯಾಲೆ ತೋರಿಸ್ತೀವಿ." ಅವ್ವನನ್ನು ನಾನು ಇವತ್ತಿಗೂ ಬೈಯುವುದಿಲ್ಲ. ಅವಳ ಲೋಕದಲ್ಲಿ ಮದುವೆಯಾಗದ ಹುಡುಗಿಗೆ ಕಣ್ಣು ಇದ್ದು ಪ್ರಯೋಜನವಿರಲಿಲ್ಲ.

ಗೌರಮ್ಮನವರು ಅವಳನ್ನು ಎಬ್ಬಿಸಿ ಹೊರಗೆ ಹೋದರು. ಬಾಗಿಲ ಸಂದಿಯಿಂದ ಅವರ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. "ಹುಡುಗಿ ಕಣ್ಣು ಭಾಳ ನೋಯಾಕತ್ತೈತಿ. ನಾನು, ಹುಡುಗಿ, ಅವರವ್ವ, ಮೂವರೂ ಈಗ ಹೊಸಪೇಟಿ ಕಣ್ಣಿನ ಡಾಕ್ಟರ್ ಹಂತ್ಯಾಕ ಹೋಗ್ತೀವಿ." ಅವರ ಯಜಮಾನರು ಬೆಪ್ಪಾಗಿ, ಮಾತುಕತೆ ಅರ್ಧಕ್ಕೆ ನಿಂತಿದೆಯಲ್ಲ ಎಂದರು. "ಮಾತುಕತಿ ನಾಳೆನೂ ಆಗ್ತೈತಿ, ಕಣ್ಣಿಗೆ ನಾಳೆ ಇಲ್ಲ" ಎಂದರು ಇವರು. ಅವರೆಲ್ಲ ಬಂದದ್ದು ಒಂದು ಬಾಡಿಗೆ ಕಾರಿನಲ್ಲಿ. ಆ ಕಾರಿನಲ್ಲಿ ನಾವು ಹೆಂಗಸರು ಹೊರಟೆವು, ಇಸ್ತ್ರಿ ಅಂಗಿ ತೊಟ್ಟ ಮದುವೆ ಗಂಡು, ಅವನ ತಂದೆ, ಉಳಿದ ಹಿರಿಯರೆಲ್ಲ ಬಸ್ ಸ್ಟ್ಯಾಂಡಿಗೆ ನಡೆದರು.

ದಾರಿಯುದ್ದಕ್ಕೂ ನನ್ನ ತಲೆ ಅವರ ಸೆರಗಿನ ಒಳಗಿತ್ತು. ಗದ್ದೆ, ಕಾಲುವೆ, ಕಮಲಾಪುರ ಯಾವುದೂ ನನಗೆ ಕಾಣಲಿಲ್ಲ. ಅವರ ಧ್ವನಿ ಮಾತ್ರ ಕೇಳುತ್ತಿತ್ತು. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಕಣ್ಣು ಹೀಗೇ ಆಯಿತಂತೆ. ಅವರನ್ನೂ ನಾಚಿಕೆಯ ಸೊಸೆ ಎಂದು ಊರೆಲ್ಲ ಹೊಗಳಿತಂತೆ. ಕೊನೆಗೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಕಣ್ಣಿಗೆ ಬಿಡುವ ಔಷಧಿ ತಂದರು. ಔಷಧಿ ಬಿಟ್ಟ ಮೇಲೆ ನೋವು ಕಡಿಮೆಯಾಯಿತು, ಆದರೆ ಹತ್ತಿರದ್ದು ಕಾಣದಾಯಿತು. "ಅಕ್ಕಿ ಹಸನ ಮಾಡಾಕ ಕುಂತ್ರ ಒಂದು ಕಣ್ಣು ಮಂಜಾಗಿ ಕಲ್ಲು ನೆಟ್ಟಗ ಕಾಣವಲ್ದು. ಅನ್ನದಾಗ ಕಲ್ಲು ಬಂತು. ಔಷಧಿ ಹಾಕಿ ಇದ್ದ ಕಣ್ಣೂ ಕಳಕೊಂಡ್ಲು ಅಂತ ನಮ್ಮತ್ತಿ ಶೀಸೆ ಒಗದುಬಿಟ್ಲು. ನಾನೂ ಹೌದು ಅಂದ್ಕೊಂಡೆ" ಎಂದರು.

ಹೊಸಪೇಟೆಯ ಡಾಕ್ಟರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುತ್ತಿದ್ದರು. ಕತ್ತಲೆ ಮಾಡಿದ ಕೋಣೆಯಲ್ಲಿ ಭೂತಗನ್ನಡಿ ಹಿಡಿದು, ಸಣ್ಣ ಬೆಳಕು ಬಿಟ್ಟು, ನನ್ನ ಕಣ್ಣನ್ನು ಬಹಳ ಹೊತ್ತು ನೋಡಿದರು. ಇಷ್ಟು ದಿನ ಮನೆಯಲ್ಲಿ ಎಲ್ಲರೂ ಅಂಟೀತು ಎಂದು ನನ್ನ ಕಣ್ಣನ್ನು ನೋಡುವುದನ್ನೇ ಬಿಟ್ಟಿದ್ದರು. ಡಾಕ್ಟರು ಮಂಡಿ, ಸೊಂಟ ನೋಯುತ್ತದೆಯೇ, ಕೆಮ್ಮು ಇದೆಯೇ, ಹಲ್ಲು ಹುಳುಕಿದೆಯೇ ಎಂದೆಲ್ಲ ಕೇಳಿದರು. ಕಣ್ಣು ನೋಡುವವರು ಸೊಂಟ ಯಾಕೆ ಕೇಳುತ್ತಾರೆ ಎಂದು ನನಗೆ ಆಶ್ಚರ್ಯ. ಒಮ್ಮೊಮ್ಮೆ ಮೈಯಲ್ಲಿ ಬೇರೆಲ್ಲೋ ಇರುವ ಕಾಯಿಲೆ ಕಣ್ಣಿಗೆ ಇಳಿಯುತ್ತದೆ, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ ಎಂದು ಹೇಳಿ, ರಕ್ತ ಪರೀಕ್ಷೆಗೂ ಎದೆಯ ಎಕ್ಸ್‌ರೇಗೂ ಬರೆದರು.

ಆಮೇಲೆ ಗೌರಮ್ಮನವರ ಕಡೆ ತಿರುಗಿ, "ನೀವು ಹುಡುಗಿಯ ತಾಯಿಯಾ?" ಎಂದರು. ಅವ್ವ ಮೂಲೆಯಲ್ಲಿ ನಿಂತಿದ್ದಳು. ಗೌರಮ್ಮನವರು, "ಅಲ್ರೀ, ನೋಡಾಕ ಬಂದೋರು" ಎಂದರು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಅವರ ಬಿಳಿ ಕಣ್ಣನ್ನು ಗಮನಿಸಿ, ಕೂತುಕೊಳ್ಳಿ ಅದನ್ನೂ ನೋಡುತ್ತೇನೆ ಎಂದರು. "ಅದು ಮುಗದೈತ್ರಿ. ಮೊದಲು ಇದನ್ನ ನೋಡ್ರಿ" ಎಂದು ಇವರು ನನ್ನ ಕಡೆ ಕೈ ಮಾಡಿದರು.

ಡಾಕ್ಟರು ಬಿಡಿಸಿ ಹೇಳಿದರು. ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಉರಿಯೂತ ಬಂದಿದೆ. ಅದು ಬಾತು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತಿದೆ, ಒಂದು ಕಡೆ ಆಗಲೇ ಅಂಟಿದೆ. ಸುತ್ತಲೂ ಅಂಟಿಬಿಟ್ಟರೆ ದೃಷ್ಟಿ ಹೋಗುವ ಅಪಾಯವಿದೆ. ಒಂದು ಔಷಧಿ ಪಾಪೆಯನ್ನು ಅಗಲವಾಗಿ ಹಿಡಿದಿಟ್ಟು ಅಂಟದ ಹಾಗೆ ನೋಡಿಕೊಳ್ಳುತ್ತದೆ, ಇನ್ನೊಂದು ಊತ ಇಳಿಸುತ್ತದೆ. ತಾವು ಹೇಳುವವರೆಗೆ ಎರಡನ್ನೂ ತಪ್ಪಿಸಬಾರದು. "ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಪಾಪೆ ದೊಡ್ಡದಾಗಿ ಕಪ್ಪಗೆ ಕಾಣುತ್ತದೆ. ಅದು ಔಷಧಿ ಕೆಲಸ ಮಾಡುವ ರೀತಿ. ನಿಲ್ಲಿಸಿದ ಮೇಲೆ ನಿಧಾನವಾಗಿ ಸರಿಹೋಗುತ್ತದೆ. ಹೆದರಿ ಮಧ್ಯದಲ್ಲಿ ಬಿಡಬೇಡಿ" ಎಂದರು.

ಗೌರಮ್ಮನವರು, "ಅದನ್ನ ಇನ್ನೊಮ್ಮೆ ಹೇಳ್ರಿ" ಎಂದರು. ಡಾಕ್ಟರು ಇನ್ನೊಮ್ಮೆ ಹೇಳಿದರು. ಇವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿಸಿಕೊಂಡರು. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಹೇಳಿದರು. "ಅವತ್ತೂ ಡಾಕ್ಟರು ಹೇಳಿದ್ರೋ ಏನೋ. ಒಳಗ ಗಂಡಸರು ಹೋಗಿದ್ರು. ಅವರಿಗೆ ಹೇಳಿರಬೇಕು, ನನ್ನ ತನಕ ಬರಲಿಲ್ಲ."

ಅವರು ನಮ್ಮನ್ನು ಅದೇ ಕಾರಿನಲ್ಲಿ ಕಂಪ್ಲಿಗೆ ಕಳಿಸಿದರು. ಮನೆಯಲ್ಲಿ ಔಷಧಿ ಶುರುವಾಯಿತು. ನೋವು ಇಳಿಯಿತು, ಆದರೆ ಡಾಕ್ಟರು ಹೇಳಿದಂತೆ ಎಡಗಣ್ಣಿನ ಪಾಪೆ ದೊಡ್ಡ ಗುಂಡಿಯ ಹಾಗೆ ಕಪ್ಪಾಯಿತು. ಮೊದಮೊದಲು ಅದು ಗುಂಡಗೂ ಇರಲಿಲ್ಲ, ಅಂಟಿದ ಕಡೆ ತಗ್ಗು ಬಿದ್ದಿತ್ತು. ಎರಡು ಕಣ್ಣು ಎರಡು ತರಹ. ಅವ್ವ ನನ್ನ ಮುಖ ನೋಡಿ ನೋಡಿ ಹೆದರಿದಳು. ಒಂದು ದಿನ ಮೊರ ಹಿಡಿದು ಅಕ್ಕಿ ಹಸನು ಮಾಡಲು ಕೂತೆ, ಬಲಗಣ್ಣು ಮುಚ್ಚಿ ನೋಡಿದರೆ ಎಲ್ಲ ಒಂದೇ ಬಿಳುಪು, ಕಲ್ಲೂ ಇಲ್ಲ ಅಕ್ಕಿಯೂ ಇಲ್ಲ. ಬಾಯಿತಪ್ಪಿ ಅದನ್ನು ಅವ್ವನಿಗೆ ಹೇಳಿದೆ. ಅವಳು ಶೀಸೆ ಎತ್ತಿಕೊಂಡು, "ಇವತ್ತೊಂದಿನ ಬಿಡೋಣು. ಕಣ್ಣು ಒಂದೀಟು ಮೊದಲಿನಂಗ ಆಗ್ಲಿ, ಆಮ್ಯಾಲೆ ಹಾಕೋಣು" ಎಂದಳು.

ಆಗ ನಾನು ಕೂಗಿದ್ದು ನಾಲ್ಕು ಮನೆಗೆ ಕೇಳಿಸಿರಬೇಕು. "ಕೊಡಬೇ ಇಲ್ಲಿ! ಗೌರಮ್ಮನ ಕಣ್ಣು ಹೋಗಿದ್ದು ಹಿಂಗ!" ಎಂದು ಅವಳ ಕೈಯಿಂದ ಶೀಸೆ ಕಿತ್ತುಕೊಂಡು ನಾನೇ ಮಲಗಿ ಬಿಟ್ಟುಕೊಂಡೆ. ಹೊರಗಿಂದ ಬಂದ ಅಪ್ಪ, "ಹ್ಞಾಂ, ಬಾಯಿ ತಿರುಗಿ ಬಂತು, ಇನ್ನ ಕಣ್ಣೂ ಬರ್ತೈತಿ" ಎಂದ. ಅವ್ವ ಅವತ್ತಿನಿಂದ ಶೀಸೆಯ ಸುದ್ದಿಗೆ ಬರಲಿಲ್ಲ.

ಡಾಕ್ಟರು ಹೇಳಿದ ದಿನ ಮತ್ತೆ ಹೊಸಪೇಟೆಗೆ ಹೋದಾಗ ಗೌರಮ್ಮನವರು ಆಗಲೇ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. ದಿನ ನೆನಪಿಟ್ಟುಕೊಂಡು ಊರಿನಿಂದ ಒಬ್ಬರೇ ಬಂದಿದ್ದರು. ಮಡಿಲಲ್ಲಿ ನನಗೆಂದು ತಂದ ಬಾಳೆಹಣ್ಣು. ಅವ್ವನಿಗೆ ಆಸೆ ಚಿಗುರಿತು, ಇಷ್ಟು ಮಾಡುವವರು ಸಂಬಂಧ ಬಿಟ್ಟಾರೆಯೇ ಎಂದು. ಗೌರಮ್ಮನವರು ಅವಳಿಗೆ ಕಾಯುವ ಕಷ್ಟ ಕೊಡಲಿಲ್ಲ. "ತಂಗಿ, ನಮ್ಮೋರು ಬ್ಯಾಡ ಅಂದ್ರು. ನನ್ನ ಮಾತು ನಡೀಲಿಲ್ಲ. ಸುಮ್ಮನ ಆಸೆ ಇಟ್ಕೋಬ್ಯಾಡ್ರಿ, ಬ್ಯಾರೆ ಕಡೆ ನೋಡ್ರಿ" ಎಂದರು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಮಾತ್ರ, "ಯಾಕಂತ?" ಎಂದು ಕೇಳಿದೆ.

"ಮನ್ಯಾಗ ಇಂಥ ಕಣ್ಣು ಒಂದು ಐತಿ, ಅದ ಸಾಕು ಅಂದ್ರು" ಎಂದರು.

"ನಿಮ್ಮ ಎದುರಿಗೇ ಅಂದ್ರಾ?"

"ಹ್ಞೂಂ ಯವ್ವಾ. ಊಟಕ್ಕ ಕುಂತಿದ್ರು. ನಾನ ರೊಟ್ಟಿ ನೀಡಾಕತ್ತಿದ್ದೆ."

ನನಗೆ ಸಂಬಂಧ ಹೋದದ್ದಕ್ಕೆ ಒಂದು ಹನಿ ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಹುಡುಗನ ಪಾದ ಬಿಟ್ಟು ನಾನು ಏನನ್ನೂ ನೋಡಿರಲಿಲ್ಲ, ಎದುರಿಗೆ ಬಂದರೆ ಇವತ್ತಿಗೂ ಗುರುತು ಸಿಗುವುದಿಲ್ಲ. ಆದರೆ ಆ ರೊಟ್ಟಿಯ ಮಾತು ಕೇಳಿ ಅಳು ತಡೆಯಲಾಗಲಿಲ್ಲ. ಅವರು ನನ್ನ ಕಣ್ಣು ಒರೆಸುತ್ತಾ, "ಅಳಬ್ಯಾಡ, ಔಷಧಿ ತೊಳದು ಹೋಗ್ತೈತಿ" ಎಂದು ಗದರಿದರು.

ಒಳಗೆ ಡಾಕ್ಟರು ಪರೀಕ್ಷಿಸಿ, ರಕ್ತದಲ್ಲೂ ಎಕ್ಸ್‌ರೇಯಲ್ಲೂ ಕಾರಣ ಸಿಗಲಿಲ್ಲ, ಅಂಟಿದ್ದು ಬಿಟ್ಟಿದೆ, ಉರಿಯೂತ ಇಳಿಯುತ್ತಿದೆ, ಇನ್ನು ಪಾಪೆ ಅರಳಿಸುವ ಔಷಧಿ ಬೇಡ ಎಂದರು. ಇನ್ನೊಂದನ್ನು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು, ಮುಂದೆ ಯಾವಾಗಲಾದರೂ ಮರುಕಳಿಸಬಹುದು, ಆಗ ಅದೇ ದಿನ ಬರಬೇಕು ಎಂದು ಎಚ್ಚರಿಸಿದರು. ಬಲಗಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಓದಿದೆ. ಗೌರಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ, ನಾನು ಸರಿ ಓದಿದೆನೋ ತಪ್ಪು ಓದಿದೆನೋ ಅವರಿಗೆ ಹೇಗೆ ತಿಳಿಯಬೇಕು? ಬಾಗಿಲ ಹತ್ತಿರ ನಿಂತು, "ನನ್ನ ಕಡೆ ನೋಡಿ ಹೇಳು, ಆ ಕಣ್ಣಿಗೆ ಏನು ಕಾಣ್ತೈತಿ?" ಎಂದರು.

"ನಿಮ್ಮ ಮೂಗುಬೊಟ್ಟು. ಕೆಳಗಿನ ಹರಳು ಉದುರೈತಿ" ಎಂದೆ.

ಅವರು ಮೂಗು ಮುಟ್ಟಿಕೊಂಡರು. "ಹೌದೇನು? ಮನ್ಯಾಗ ಯಾರೂ ಹೇಳೇ ಇಲ್ಲ ನೋಡು" ಎಂದು ಬಾಯಿ ತುಂಬ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುವರ್ಷ ನನಗೆ ಸಂಡೂರಿನಲ್ಲಿ ಮದುವೆಯಾಯಿತು. ಯಜಮಾನರು ಗಣಿ ಆಫೀಸಿನಲ್ಲಿ ಗುಮಾಸ್ತರು. ಅವರು ನೋಡಲು ಬಂದಾಗ ನಾನು ತಲೆ ಎತ್ತಿ ನೇರವಾಗಿ ನೋಡಿ, ಕಣ್ಣಿನ ವಿಷಯ ನಾನೇ ಹೇಳಿದೆ. ಔಷಧಿ ಹೊಸಪೇಟೆಯಲ್ಲೇ ಸಿಗುತ್ತದೆ ತಾನೆ ಎಂದು ಅವರು ಕೇಳಿದರು, ಅಷ್ಟೇ. ಮುಂದೆ ಎರಡು ಸಲ ಅದು ಮರುಕಳಿಸಿತು. ಎರಡೂ ಸಲ ಅದೇ ದಿನ ಬಸ್ ಹತ್ತಿದೆ.

ಗೌರಮ್ಮನವರು ನನ್ನ ಮದುವೆಗೆ ಬಂದು ಹಿಂದೆ ಗೋಡೆ ಬದಿಗೆ ಕೂತಿದ್ದರು. ಕೈ ಹಿಡಿದು ಮುಂದೆ ಕರೆತಂದು ಕೂರಿಸಿದೆ. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಉತ್ತರಕ್ರಿಯೆಯ ದಿನಗಳೆಲ್ಲ ಮುಗಿದಿದ್ದವು.

ತೊಂಬತ್ತಾರರಲ್ಲಿ ನನ್ನ ಮಗನಿಗೆ ಹೆಣ್ಣು ನೋಡಲು ಬಂಡ್ರಿಗೆ ಹೋಗಿದ್ದೆವು. ಹುಡುಗಿ ಬಂದು ಕೂತು ತಲೆ ಬಗ್ಗಿಸಿದವಳು ಎತ್ತಲೇ ಇಲ್ಲ. ನಮ್ಮ ಕಡೆಯವರು ಶುರು ಮಾಡಿದರು, "ಏನ್ ನಾಚಿಕಿ, ಏನ್ ನಾಚಿಕಿ!" ನಾನು ಎದ್ದು ಹೋಗಿ ಅವಳ ಪಕ್ಕ ಕೂತು, ಕಿವಿಯ ಹತ್ತಿರ ಬಗ್ಗಿ ಕೇಳಿದೆ. "ಬೆಳಕಿಗೆ ಕಣ್ಣು ನೋಯ್ತೈತೇನವ್ವಾ?"

ಅವಳು ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟಿದಳು. "ಇಲ್ರೀ. ತಲಿ ಎತ್ತಿದ್ರ ನಗು ಬರ್ತೈತಿ. ನಿಮ್ಮ ಮಗಾ ಅಂಗಿ ಗುಂಡಿ ತಪ್ಪಿಸಿ ಹಾಕ್ಯಾರ."

ತಿರುಗಿ ನೋಡಿದರೆ ನಿಜ, ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಇಷ್ಟು ಜನರಲ್ಲಿ ಯಾರೂ ನೋಡಿರಲಿಲ್ಲ. ಇವಳ ಕಣ್ಣು ಚೆನ್ನಾಗಿದೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಅವಳೇ ಈಗ ನಮ್ಮ ಸೊಸೆ. ಆ ದಿನ ವಾಪಸ್ ಬರುವಾಗ ಇದನ್ನು ಗೌರಮ್ಮನವರಿಗೆ ಹೇಳಬೇಕಿತ್ತು, ಮತ್ತೆ ಹಾಗೆ ಬಾಯಿ ತುಂಬ ನಗುತ್ತಿದ್ದರು ಎನ್ನಿಸಿ ಬಹಳ ಸಂಕಟವಾಯಿತು.

ಈಗ ಅಂಗಡಿಯಲ್ಲಿ ಹಸನಾದ ಅಕ್ಕಿಯೇ ಸಿಗುತ್ತದೆ. ಆದರೂ ನಾನು ಒಂದೊಂದು ದಿನ ಮೊರ ಹಿಡಿದು ಬಾಗಿಲ ಬೆಳಕಿಗೆ ಕೂರುತ್ತೇನೆ. ಯಾಕ ಅತ್ತಿ, ಸುಮ್ಮನೆ ಕಣ್ಣಿಗೆ ತೊಂದರೆ ಎಂದು ಸೊಸೆ ಗದರುತ್ತಾಳೆ. ಅವಳು ಒಳಗೆ ಹೋದ ಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣಿನಿಂದ ಅಕ್ಕಿಯನ್ನು ನೋಡುತ್ತೇನೆ. ಕಲ್ಲು ಕಾಣುತ್ತದೆ.